ಕರೆಂಟ್ ಅಲ್ಲ, ಕಿರಣ!

“ಡಾಕ್ಟ್ರು ಕರೆಂಟ್ ಕೊಡ್ಬೇಕು ಅಂದಿದ್ದಾರೆ.”

ಕ್ಯಾನ್ಸರ್ ಬಂದ ಮನೆಗಳಲ್ಲಿ ಈ ಮಾತು ಕೇಳಿಯೇ ಇರ್ತೀರಿ. ಮಂಗಳೂರಿನಲ್ಲಿ ಕೇಳಿ, ಕಾಸರಗೋಡಿನಲ್ಲಿ ಕೇಳಿ, ಹಾಸನದಲ್ಲಿ ಕೇಳಿ, ಜನರ ಬಾಯಲ್ಲಿ ರೇಡಿಯೇಷನ್ ಅಂದ್ರೆ ಕರೆಂಟ್. ‘ಅವರಿಗೆ ಮೂವತ್ತು ಕರೆಂಟ್ ಆಯ್ತಂತೆ’, ‘ಇನ್ನು ಐದು ಕರೆಂಟ್ ಬಾಕಿ ಉಂಟಂತೆ’. ಮೆಸ್ಕಾಂನವರು ಬಂದು ಕನೆಕ್ಷನ್ ಕೊಟ್ಟ ಹಾಗೆ!

ವೀಕ್ಷಕರೇ, ಮಾತು ತಮಾಷೆಯಾಗಿದೆ. ಆದರೆ ಅದರ ಹಿಂದಿರುವ ಭಯ ತಮಾಷೆಯದ್ದಲ್ಲ. ಕರೆಂಟ್ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಶಾಕ್, ಸುಟ್ಟ ಮೈ, ಸಾವು. ಹಳ್ಳಿಯಿಂದ ಬಂದ ತಾಯಿಯೊಬ್ಬಳು ‘ನಂಗೆ ಕರೆಂಟ್ ಬೇಡ ಮಗಾ, ಊರಿಗೆ ಹೋಗುವ’ ಅಂತ ಹಟ ಹಿಡಿದರೆ, ಆ ಹಟಕ್ಕೆ ಕಾರಣ ಕಾಯಿಲೆ ಅಲ್ಲ, ಒಂದು ಶಬ್ದ. ಇನ್ನೊಂದು ಭಯವೂ ಇದೆ. ರೇಡಿಯೇಷನ್ ತಗೊಂಡವರ ಹತ್ತಿರ ಮಕ್ಕಳನ್ನು ಬಿಡಬಾರದು, ಅವರ ಮೈಯಿಂದ ವಿಕಿರಣ ಹೊರಗೆ ಬರುತ್ತದೆ ಅನ್ನುವ ಭಯ. ಎರಡೂ ತಪ್ಪು. ಯಾಕೆ ತಪ್ಪು ಅಂತ ಅರ್ಥ ಆಗಬೇಕಾದರೆ ನೂರಿಪ್ಪತ್ತೈದು ವರ್ಷಕ್ಕೂ ಹಿಂದಕ್ಕೆ ಹೋಗಬೇಕು. ಹೋಗೋಣ ಬನ್ನಿ.

1895ರ ನವೆಂಬರ್ 8. ಜರ್ಮನಿಯ ವುರ್ಟ್ಸ್‌ಬರ್ಗ್ ಎಂಬ ಊರು. ವಿಲ್ಹೆಲ್ಮ್ ರಾಂಟ್‌ಜನ್ ಎಂಬ ಪ್ರೊಫೆಸರ್ ಕತ್ತಲೆ ಕೋಣೆಯಲ್ಲಿ ಗಾಜಿನ ಕೊಳವೆಯೊಂದರಲ್ಲಿ ವಿದ್ಯುತ್ ಹರಿಸುತ್ತಿದ್ದರು. ಕೊಳವೆಗೆ ಕಪ್ಪು ಕಾಗದ ಸುತ್ತಿತ್ತು. ಆದರೂ ದೂರದಲ್ಲಿದ್ದ ಪರದೆಯೊಂದು ಮಿನುಗಿತು. ಕಾಗದವನ್ನು ದಾಟಿ ಏನೋ ಹೊರಗೆ ಬರುತ್ತಿದೆ. ಏನದು? ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಗಣಿತದಲ್ಲಿ ಏನಂತೀವಿ? ಎಕ್ಸ್. ಹಾಗೆ ಅದು ಎಕ್ಸ್‌ರೇ ಆಯಿತು. ಆ ವರ್ಷದ ಕ್ರಿಸ್ಮಸ್‌ಗೆ ಮೊದಲೇ ರಾಂಟ್‌ಜನ್ ತಮ್ಮ ಹೆಂಡತಿಯ ಕೈಯ ಮೂಳೆಗಳನ್ನು, ಬೆರಳಿನ ಉಂಗುರದ ಸಮೇತ, ಫೋಟೋ ಹಿಡಿದಿದ್ದರು. 1901ರಲ್ಲಿ ಭೌತವಿಜ್ಞಾನದ ಮೊಟ್ಟಮೊದಲ ನೊಬೆಲ್ ಸಿಕ್ಕಿದ್ದು ಇವರಿಗೇ.

ಈಗ ಆಶ್ಚರ್ಯ ನೋಡಿ. ಇಂದು ಒಂದು ಹೊಸ ಔಷಧಿ ಬಂದರೆ ರೋಗಿಗೆ ತಲುಪುವುದಕ್ಕೆ ಹತ್ತು ವರ್ಷ ಬೇಕು. ಎಕ್ಸ್‌ರೇ ವಿಷಯದಲ್ಲಿ ಅಷ್ಟು ಕಾಯುವ ವ್ಯವಧಾನ ಯಾರಿಗೂ ಇರಲಿಲ್ಲ. 1896ರ ಜನವರಿಯಲ್ಲೇ ಶಿಕಾಗೋದಲ್ಲಿ ಸ್ತನ ಕ್ಯಾನ್ಸರ್ ರೋಗಿಯೊಬ್ಬರಿಗೆ ಎಕ್ಸ್‌ರೇ ಹಾಯಿಸಿದೆ ಅಂತ ಎಮಿಲ್ ಗ್ರೂಬ್ ಎಂಬಾತ ಆಮೇಲೆ ಹೇಳಿಕೊಂಡ. ಅದೇ ವರ್ಷದ ಕೊನೆಗೆ ವಿಯೆನ್ನಾದಲ್ಲಿ ಲಿಯೋಪೋಲ್ಡ್ ಫ್ರಾಯಿಂಡ್ ಎಂಬ ವೈದ್ಯ, ಬೆನ್ನ ಮೇಲೆ ದೊಡ್ಡ ಕೂದಲಿನ ಮಚ್ಚೆ ಇದ್ದ ಪುಟ್ಟ ಹುಡುಗಿಗೆ ಎಕ್ಸ್‌ರೇ ಚಿಕಿತ್ಸೆ ಕೊಟ್ಟ. ಕೂದಲು ಉದುರಿತು, ನಿಜ. ಜೊತೆಗೆ ಬೆನ್ನು ಹುಣ್ಣಾಯಿತು.

ಇದೇ ಈ ಇಡೀ ಕಥೆಯ ಮೂಲ ಪ್ರಶ್ನೆ. ಕೆಟ್ಟದ್ದನ್ನು ಸುಡುವ ಕಿರಣ ಒಳ್ಳೆಯದನ್ನೂ ಸುಡುತ್ತದೆ. ಎರಡನ್ನೂ ಬೇರೆ ಮಾಡುವುದು ಹೇಗೆ?

1898ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಮೇರಿ ಮತ್ತು ಪಿಯರ್ ಕ್ಯೂರಿ ರೇಡಿಯಂ ಕಂಡುಹಿಡಿದರು. ಇದಕ್ಕೆ ವಿದ್ಯುತ್ ಬೇಡ, ಕೊಳವೆ ಬೇಡ. ಹಗಲು ರಾತ್ರಿ ತಾನಾಗಿಯೇ ಕಿರಣ ಹೊರಸೂಸುವ ಧಾತು. ವಿಜ್ಞಾನಿ ಬೆಕೆರೆಲ್ ಇದರ ಒಂದು ಚೂರನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದರು. ಕೆಲವು ದಿನದಲ್ಲಿ ಜೇಬಿನ ಹತ್ತಿರದ ಚರ್ಮ ಸುಟ್ಟು ಹುಣ್ಣಾಯಿತು. ಪಿಯರ್ ಕ್ಯೂರಿ ಬೇಕಂತಲೇ ತಮ್ಮ ತೋಳಿನ ಮೇಲೆ ರೇಡಿಯಂ ಇಟ್ಟು ಗಾಯ ಮಾಡಿಕೊಂಡು ನೋಡಿದರು. ಆರೋಗ್ಯವಂತ ಚರ್ಮವನ್ನೇ ಹೀಗೆ ಮಾಡುವ ವಸ್ತು ಗಡ್ಡೆಯನ್ನು ಬಿಟ್ಟೀತೇ? ವೈದ್ಯರು ರೇಡಿಯಂ ಹಿಂದೆ ಬಿದ್ದರು. ಸೂಜಿಯಂಥ ಕೊಳವೆಗಳಲ್ಲಿ ತುಂಬಿ ಗರ್ಭಕೋಶದ ಕೊರಳಿನ ಕ್ಯಾನ್ಸರಿನ ಪಕ್ಕದಲ್ಲೇ ಇಡತೊಡಗಿದರು. ಇವತ್ತು ಬ್ರಾಕಿಥೆರಪಿ ಅಂತ ಕೇಳ್ತೀವಲ್ಲ, ಅದರ ಮೂಲ ಇದು. ರೇಡಿಯಂ ಜಾಗಕ್ಕೆ ಈಗ ಇರಿಡಿಯಂ-192 ಬಂದಿದೆ. ತತ್ವ ಅದೇ: ಶತ್ರುವಿನ ಮಗ್ಗುಲಲ್ಲೇ ಹೋಗಿ ಕೂತು ಹೊಡೆಯುವುದು.

ಆದರೆ ರೇಡಿಯಂ ಎಷ್ಟು ದುಬಾರಿ ಅಂದ್ರೆ, ಅದನ್ನು ಕಂಡುಹಿಡಿದ ಮೇರಿ ಕ್ಯೂರಿಗೇ ಕೊಂಡುಕೊಳ್ಳಲು ಹಣ ಇರಲಿಲ್ಲ! 1921ರಲ್ಲಿ ಅಮೆರಿಕದ ಮಹಿಳೆಯರು ಚಂದಾ ಎತ್ತಿ, ಒಂದು ಲಕ್ಷ ಡಾಲರ್ ಸೇರಿಸಿ, ಒಂದೇ ಒಂದು ಗ್ರಾಂ ರೇಡಿಯಂ ಕೊಂಡು ಅವರಿಗೆ ಉಡುಗೊರೆ ಕೊಟ್ಟರು. ಅಮೆರಿಕದ ಅಧ್ಯಕ್ಷರೇ ಅದನ್ನು ಹಸ್ತಾಂತರ ಮಾಡಿದರು.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಲೇಬೇಕು. ಎಡಿಸನ್ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಎಕ್ಸ್‌ರೇ ಕೊಳವೆಗಳ ಜೊತೆ ಕೆಲಸ ಮಾಡಿ ಮಾಡಿ ಕ್ಯಾನ್ಸರ್‌ ಬಂದು 1904ರಲ್ಲಿ ತೀರಿಕೊಂಡ. ನಾನೇ ಮೊದಲಿಗ ಅಂದಿದ್ದ ಗ್ರೂಬ್‌ನ ಕೈಯನ್ನೇ ಕತ್ತರಿಸಬೇಕಾಯಿತು. ಮೇರಿ ಕ್ಯೂರಿ 1934ರಲ್ಲಿ ಅಪ್ಲಾಸ್ಟಿಕ್ ಅನೀಮಿಯಾದಿಂದ, ಅಂದ್ರೆ ಮೂಳೆಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸುವ ರೋಗದಿಂದ ತೀರಿಹೋದರು. 1936ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಆಸ್ಪತ್ರೆಯೊಂದರ ಅಂಗಳದಲ್ಲಿ ಹೀಗೆ ಸತ್ತ ವೈದ್ಯರು, ವಿಜ್ಞಾನಿಗಳು, ನರ್ಸ್‌ಗಳ ಹೆಸರು ಕೆತ್ತಿದ ಸ್ಮಾರಕ ಎದ್ದಿತು. ಯುದ್ಧದಲ್ಲಿ ಸತ್ತ ಸೈನಿಕರಿಗೆ ಮಾಡುವಂಥದ್ದೇ ಸ್ಮಾರಕ. ಇವತ್ತು ರೇಡಿಯೇಷನ್ ಕೋಣೆಗೆ ದಪ್ಪ ಕಾಂಕ್ರೀಟ್ ಗೋಡೆ ಇದೆ, ಟೆಕ್ನೀಷಿಯನ್ ಎದೆಯ ಮೇಲೆ ಎಷ್ಟು ವಿಕಿರಣ ಬಿತ್ತು ಅಂತ ಲೆಕ್ಕ ಇಡುವ ಬ್ಯಾಡ್ಜ್ ಇದೆ. ಅದೆಲ್ಲ ಬಂದದ್ದು ಇವರ ಸಾವಿನಿಂದ ಕಲಿತ ಪಾಠದಿಂದ.

ಮೂಲ ಪ್ರಶ್ನೆಗೆ ಬರೋಣ. ಒಳ್ಳೆಯದನ್ನು ಉಳಿಸಿ ಕೆಟ್ಟದ್ದನ್ನು ಕೊಲ್ಲುವುದು ಹೇಗೆ? ಉತ್ತರ ಸಿಕ್ಕಿದ್ದು ಪ್ಯಾರಿಸ್‌ನಲ್ಲಿ, ಮೇರಿ ಕ್ಯೂರಿಯ ಪ್ರಯೋಗಾಲಯದ ಪಕ್ಕದ ಕಟ್ಟಡದಲ್ಲಿ. ಕೊಟ್ಟದ್ದು ಒಂದು ಟಗರು!

ಕ್ಲಾಡಿಯಸ್ ರಿಗೋ ಎಂಬ ವಿಜ್ಞಾನಿ ಟಗರುಗಳ ವೃಷಣಕ್ಕೆ ವಿಕಿರಣ ಕೊಟ್ಟು ನೋಡುತ್ತಿದ್ದರು. ಒಂದೇ ಏಟಿಗೆ ದೊಡ್ಡ ಡೋಸ್ ಕೊಟ್ಟರೆ ಮೇಲಿನ ಚರ್ಮ ಹಾಳಾಗುತ್ತಿತ್ತು. ಅದೇ ಡೋಸನ್ನು ಹಲವು ದಿನಗಳಿಗೆ ಹಂಚಿದರೆ? ವೀರ್ಯ ಹುಟ್ಟಿಸುವ ಕೋಶಗಳು ಸತ್ತವು, ಚರ್ಮ ಉಳಿಯಿತು. ವೇಗವಾಗಿ ವಿಭಜನೆಯಾಗುವ ಕೋಶಗಳಿಗೆ ಅವರು ವೃಷಣವನ್ನು ಮಾದರಿಯಾಗಿ ತೆಗೆದುಕೊಂಡಿದ್ದರು. ಕ್ಯಾನ್ಸರ್ ಗಡ್ಡೆಯೂ ಹಾಗೇ ಅಲ್ಲವೇ, ನಿಲ್ಲದೆ ವಿಭಜನೆಯಾಗುವ ಕೋಶಗಳ ರಾಶಿ! ರಿಗೋ ಅವರ ಜೊತೆಗಿದ್ದ ಆಂರಿ ಕೂಟಾರ್ ಇದನ್ನು ಗಂಟಲಿನ ಕ್ಯಾನ್ಸರ್ ರೋಗಿಗಳಿಗೆ ಅನ್ವಯಿಸಿದರು. ದಿನಾ ಸ್ವಲ್ಪ ಸ್ವಲ್ಪ, ವಾರಗಟ್ಟಲೆ. ಗಡ್ಡೆ ಕರಗಿತು. ರೋಗಿ ಬದುಕಿದ.

ಇದರ ಒಳಗುಟ್ಟು ಸರಳ. ವಿಕಿರಣ ಕೋಶದ ಡಿಎನ್‌ಎಯನ್ನು ತುಂಡು ಮಾಡುತ್ತದೆ. ಒಳ್ಳೆಯ ಕೋಶಕ್ಕೆ ಆ ತುಂಡನ್ನು ರಿಪೇರಿ ಮಾಡಿಕೊಳ್ಳುವ ಶಕ್ತಿ ಇದೆ. ಕೆಲವು ಗಂಟೆ ಬಿಡುವು ಕೊಟ್ಟರೆ ಸಾಕು. ಕ್ಯಾನ್ಸರ್ ಕೋಶ ಬೆಳೆಯುವ ಆತುರದಲ್ಲಿ ಈ ರಿಪೇರಿ ಕೆಲಸವನ್ನು ಸರಿಯಾಗಿ ಮಾಡುವುದಿಲ್ಲ. ಹಾಗಾಗಿ ಇವತ್ತು ಏಟು, ನಾಳೆ ಏಟು, ನಾಡಿದ್ದು ಏಟು. ಒಳ್ಳೆಯದು ರಾತ್ರಿಯೊಳಗೆ ಚೇತರಿಸಿಕೊಳ್ಳುತ್ತದೆ, ಕೆಟ್ಟದ್ದು ದಿನದಿಂದ ದಿನಕ್ಕೆ ಸೋಲುತ್ತದೆ. ನಮ್ಮ ಕರಾವಳಿಯವರಿಗೆ ಹೇಳುವುದಾದರೆ, ಇಡೀ ಜೂನ್ ತಿಂಗಳ ಮಳೆ ಒಂದೇ ರಾತ್ರಿ ಸುರಿದರೆ ಗುಡ್ಡವೇ ಜರಿದು ಬರುತ್ತದೆ. ಅದೇ ಮಳೆ ಮೂವತ್ತು ದಿನ ಹಂಚಿ ಬಂದರೆ ತೋಟ ತಡೆದುಕೊಳ್ಳುತ್ತದೆ, ಅಲ್ವಾ?

ಬಾಯಿ, ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ಒಟ್ಟು 70 ಗ್ರೇ. ದಿನಕ್ಕೆ 2 ಗ್ರೇಯಂತೆ 35 ದಿನ, ವಾರಕ್ಕೆ 5 ದಿನ, ಅಂದ್ರೆ 7 ವಾರ. ಗ್ರೇ ಎನ್ನುವುದು ಡೋಸ್ ಅಳೆಯುವ ಮಾನ, ಲೂಯಿ ಹೆರಾಲ್ಡ್ ಗ್ರೇ ಎಂಬ ಇಂಗ್ಲಿಷ್ ವಿಜ್ಞಾನಿಯ ಹೆಸರಿನದ್ದು. ‘ಮೂವತ್ತೈದು ಕರೆಂಟ್’ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ? ಅದು ಆಸ್ಪತ್ರೆಯವರು ಬಿಲ್ ಏರಿಸಲು ಮಾಡಿದ ಲೆಕ್ಕ ಅಲ್ಲ. ಟಗರು ಕಲಿಸಿದ ಲೆಕ್ಕ.

ಇನ್ನು ನಮ್ಮ ದೇಶ. ಟಾಟಾ ಸಮೂಹದ ಸರ್ ದೊರಾಬ್ಜಿ ಟಾಟಾ ಅವರ ಪತ್ನಿ ಲೇಡಿ ಮೆಹರ್‌ಬಾಯಿ 1931ರಲ್ಲಿ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್‌ನಿಂದ ವಿದೇಶದ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಂಥ ಚಿಕಿತ್ಸೆ ಭಾರತದಲ್ಲೂ ಸಿಗಬೇಕು ಅಂತ ದೊರಾಬ್ಜಿ ಬಯಸಿದರು. ಮರುವರ್ಷವೇ ಅವರೂ ಹೋದರು. ಆ ಬಯಕೆ 1941ರ ಫೆಬ್ರವರಿ 28ರಂದು ಮುಂಬೈಯ ಪರೇಲ್‌ನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯಾಯಿತು. 1962ರಲ್ಲಿ ಆ ಆಸ್ಪತ್ರೆಯನ್ನು ಅಣುಶಕ್ತಿ ಇಲಾಖೆಗೆ ಒಪ್ಪಿಸಲಾಯಿತು. ಆಸ್ಪತ್ರೆಗೂ ಅಣುಶಕ್ತಿಗೂ ಎಲ್ಲಿಯ ಸಂಬಂಧ? ಸಂಬಂಧ ಕಂಡವರು ಹೋಮಿ ಭಾಭಾ, ನಮ್ಮ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಸಿ.ವಿ. ರಾಮನ್ ಅವರ ಕಾಲದಲ್ಲಿ ಕಾಸ್ಮಿಕ್ ಕಿರಣಗಳ ಸಂಶೋಧನೆ ಮಾಡಿದವರು. ಅಣು ಒಡೆಯುವ ದೇಶಕ್ಕೆ ಅಣುವಿನಿಂದ ಜೀವ ಉಳಿಸುವುದೂ ಗೊತ್ತಿರಬೇಕು ಅನ್ನುವುದೇ ಇದರ ಹಿಂದಿನ ವಿಚಾರ.

ಅತ್ತ ಮದ್ರಾಸಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ. ತಂಗಿಯನ್ನು ಕ್ಯಾನ್ಸರಿಗೆ ಕಳೆದುಕೊಂಡ ಈ ವೈದ್ಯೆ, ವರ್ಷಗಟ್ಟಲೆ ಹೋರಾಡಿ 1954ರಲ್ಲಿ ಅಡ್ಯಾರಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಶುರು ಮಾಡಿದರು. ಆ ದಶಕದಲ್ಲೇ ಅಲ್ಲಿಗೆ ಕೋಬಾಲ್ಟ್ ಯಂತ್ರ ಬಂತು.

ಕೋಬಾಲ್ಟ್ ಬಂದದ್ದು ದೊಡ್ಡ ತಿರುವು. ರೇಡಿಯಂ ಅನ್ನು ಗ್ರಾಂ ಲೆಕ್ಕದಲ್ಲಿ ಭೂಮಿಯಿಂದ ತೆಗೆಯಬೇಕು. ಕೋಬಾಲ್ಟ್-60 ಹಾಗಲ್ಲ. ಸಾದಾ ಕೋಬಾಲ್ಟನ್ನು ಅಣು ರಿಯಾಕ್ಟರ್ ಒಳಗೆ ಇಟ್ಟರೆ ತಯಾರು. 1951ರಲ್ಲಿ ಕೆನಡಾದಲ್ಲಿ ಮೊದಲ ಬಾರಿ ಕೋಬಾಲ್ಟ್ ಚಿಕಿತ್ಸೆ ಶುರುವಾಯಿತು. ಹಿರೋಷಿಮಾದ ಮೇಲೆ ಬಾಂಬ್ ಬಿದ್ದು ಆರೇ ವರ್ಷ. ಅದೇ ಅಣು ವಿಜ್ಞಾನ, ಈ ಸಲ ರೋಗಿಯ ಕಡೆಗೆ. ಇದರ ಕಿರಣ ಚರ್ಮವನ್ನು ಹೆಚ್ಚು ಸುಡದೆ ಆಳಕ್ಕೆ ಇಳಿಯುತ್ತಿತ್ತು. ಹೊಟ್ಟೆಯೊಳಗಿನ, ಎದೆಯೊಳಗಿನ ಗಡ್ಡೆಗಳನ್ನು ಮುಟ್ಟುವುದು ಸಾಧ್ಯವಾಯಿತು. ಒಂದು ಕೊರತೆ ಇತ್ತು. ಕೋಬಾಲ್ಟ್ ಮುದಿಯಾಗುತ್ತದೆ. ಸುಮಾರು ಐದೂಕಾಲು ವರ್ಷದಲ್ಲಿ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಎರಡು ನಿಮಿಷ ಮಲಗಬೇಕಿದ್ದ ರೋಗಿ ನಾಲ್ಕು ನಿಮಿಷ ಮಲಗಬೇಕಾಗುತ್ತದೆ.

ನಮ್ಮ ರಾಜ್ಯದ ದೊಡ್ಡ ಹೆಸರು ಕಿದ್ವಾಯಿ. ಬೆಂಗಳೂರಿನ ಈ ಸಂಸ್ಥೆ 1973ರಲ್ಲಿ ಸರ್ಕಾರಿ ಸಂಸ್ಥೆಯಾಗಿ ಶುರುವಾಯಿತು, 1980ರಲ್ಲಿ ಸ್ವಾಯತ್ತವಾಯಿತು. ನೆಹರೂ ಸಂಪುಟದಲ್ಲಿ ಆಹಾರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರು ಇದಕ್ಕೆ. ಬೀದರಿನಿಂದ ಚಾಮರಾಜನಗರದವರೆಗೆ ಬಡವರ ಮನೆಯಲ್ಲಿ ಕ್ಯಾನ್ಸರ್ ಅಂದ್ರೆ ಮೊದಲು ಬರುವ ಮಾತು ‘ಕಿದ್ವಾಯಿಗೆ ಕರ್ಕೊಂಡು ಹೋಗಿ’. ಕಾಕತಾಳೀಯ ನೋಡಿ, ಅದೇ 1973ರಲ್ಲಿ ನಮ್ಮ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಕ್ಯಾಂಪ್ಕೋ ಹುಟ್ಟಿತು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳ ಓದು, ಮದುವೆ ಎಲ್ಲ ನಡೆದದ್ದು ಅಡಿಕೆಯಿಂದ. ಅದೇ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಕ್ಯಾನ್ಸರ್‌ಕಾರಕ ಅಂತ ಪಟ್ಟಿ ಮಾಡಿತು. ಬೆಳೆಗಾರರಿಗೆ ಈ ಮಾತು ಕಹಿ, ನನಗೆ ಗೊತ್ತು. ಆದರೆ ತಂಬಾಕು ಸೇರಿಸಿ ಜಗಿಯುವುದು, ಗುಟ್ಕಾ, ಬೀಡಿ ಇವುಗಳ ಬಗ್ಗೆಯಂತೂ ಚರ್ಚೆಗೆ ಜಾಗವೇ ಇಲ್ಲ. ಬಾಯಿ ಕ್ಯಾನ್ಸರಿನ ರೋಗಿಗಳ ಸಾಲನ್ನು ಉದ್ದ ಮಾಡುತ್ತಿರುವುದು ಇವೇ.

ಈಗ ನಮ್ಮ ಊರಿನ ಸರದಿ. ನಾನಿರುವುದು ಶಕ್ತಿನಗರದಲ್ಲಿ. ರಾಯಚೂರಿನ ಥರ್ಮಲ್ ಸ್ಟೇಷನ್ನಿನ ಶಕ್ತಿನಗರ ಅಲ್ಲ ಮಾರಾಯ್ರೇ, ಮಂಗಳೂರಿನದ್ದು. ಇಲ್ಲಿಂದ ಬಿಕರ್ನಕಟ್ಟೆಗೆ ಇಳಿದು, ನಂತೂರು ಸರ್ಕಲ್ ದಾಟಿ ಪಂಪ್‌ವೆಲ್‌ಗೆ ಬಂದರೆ ಅಲ್ಲೇ ಕ್ಯಾನ್ಸರ್ ಆಸ್ಪತ್ರೆ. ಅತ್ತಾವರಕ್ಕೆ ಹೋದರೆ ಅಲ್ಲೂ ರೇಡಿಯೇಷನ್, ನೇತ್ರಾವತಿ ದಾಟಿ ದೇರಳಕಟ್ಟೆಗೆ ಹೋದರೆ ಅಲ್ಲೂ. ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದಿಂದ ಜನ ಇಲ್ಲಿಗೆ ಬರುತ್ತಾರೆ. ಕರಾವಳಿಯವರಾದ ನಮಗೆ ಈ ಅನುಕೂಲದ ಬೆಲೆ ಗೊತ್ತಾಗುವುದಿಲ್ಲ. ಹತ್ತು ಲಕ್ಷ ಜನಕ್ಕೆ ಕನಿಷ್ಠ ಒಂದು ರೇಡಿಯೇಷನ್ ಯಂತ್ರ ಬೇಕು ಅನ್ನುವುದು ಎಲ್ಲರೂ ಹೇಳುವ ಲೆಕ್ಕ. ಭಾರತ ಇನ್ನೂ ಆ ಗುರಿಯಿಂದ ದೂರ ಇದೆ. ಇರುವ ಯಂತ್ರಗಳೂ ದೊಡ್ಡ ಊರುಗಳಲ್ಲೇ ಗುಂಪಾಗಿ ನಿಂತಿವೆ.

ಈ ಆಸ್ಪತ್ರೆಗಳಲ್ಲಿ ಈಗ ಹೆಚ್ಚಾಗಿ ಕಾಣುವುದು ಲೀನಿಯರ್ ಆಕ್ಸಿಲರೇಟರ್, ಬಾಯಿಮಾತಿನಲ್ಲಿ ಲೀನಾಕ್. ಎರಡನೇ ಮಹಾಯುದ್ಧದ ರೇಡಾರ್‌ನ ಮೊಮ್ಮಗ ಇದು. ಶತ್ರು ವಿಮಾನ ಹುಡುಕಲು ಬೆಳೆಸಿದ ಮೈಕ್ರೋವೇವ್ ತಂತ್ರಜ್ಞಾನವನ್ನೇ ಬಳಸಿ ಎಲೆಕ್ಟ್ರಾನ್‌ಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಿ, ಲೋಹದ ತುಂಡಿಗೆ ಡಿಕ್ಕಿ ಹೊಡೆಸುತ್ತಾರೆ. ಆ ಡಿಕ್ಕಿಯಲ್ಲಿ ಹುಟ್ಟುವುದು ಶಕ್ತಿಶಾಲಿ ಎಕ್ಸ್‌ರೇ. 1953ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ, 1956ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಇದರ ಚಿಕಿತ್ಸೆ ಶುರುವಾಯಿತು. ಇದರ ಹತ್ತಿರದ ಸಂಬಂಧಿಯೊಂದು ನಮ್ಮ ಕೊಣಾಜೆಯ ಮಂಗಳಗಂಗೋತ್ರಿಯಲ್ಲೇ ಇದೆ ಅಂದ್ರೆ ನಂಬ್ತೀರಾ? ಮಂಗಳೂರು ವಿಶ್ವವಿದ್ಯಾಲಯದ ಮೈಕ್ರೊಟ್ರಾನ್ ಕೇಂದ್ರ. ಇಂದೋರಿನ ಅಣುಶಕ್ತಿ ಸಂಶೋಧನಾ ಕೇಂದ್ರದ ಸಹಕಾರದಲ್ಲಿ 1990ರ ದಶಕದಲ್ಲಿ ಬಂದ, 80 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಆಕ್ಸಿಲರೇಟರ್ ಅದು. ಚಿಕಿತ್ಸೆಗೆ ಅಲ್ಲ, ಸಂಶೋಧನೆಗೆ.

ಈಗ ಆ ‘ಕರೆಂಟ್’ ಶಬ್ದಕ್ಕೆ ಉತ್ತರ. ಲೀನಾಕ್ ಓಡುವುದು ಕರೆಂಟಿನಿಂದ, ನಿಜ. ರೋಗಿಯ ಮೈಗೆ ಹೋಗುವುದು ಕರೆಂಟ್ ಅಲ್ಲ, ಕಿರಣ. ಎದೆಯ ಎಕ್ಸ್‌ರೇ ತೆಗೆಸಿದಾಗ ಏನಾದರೂ ಗೊತ್ತಾಗಿತ್ತಾ? ಇಲ್ಲಿಯೂ ಅಷ್ಟೇ. ಕಿರಣ ಬೀಳುವ ಹೊತ್ತಿನಲ್ಲಿ ನೋವಿಲ್ಲ, ಶಾಕ್ ಇಲ್ಲ. ತೊಂದರೆ ಬರುವುದು ವಾರಗಳ ಮೇಲೆ: ಚರ್ಮ ಕಪ್ಪಾಗುವುದು, ಬಾಯಿ ಹುಣ್ಣು, ಸುಸ್ತು. ಎರಡನೇ ಭಯಕ್ಕೂ ಉತ್ತರ ಇದೇ. ಸ್ವಿಚ್ ಆಫ್ ಆದರೆ ಕಿರಣ ನಿಂತಿತು. ಲೈಟ್ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದಾ? ಹೀಗೆ ಹೊರಗಿನಿಂದ ರೇಡಿಯೇಷನ್ ತಗೊಂಡು ಬಂದ ಅಜ್ಜ ಧಾರಾಳವಾಗಿ ಮೊಮ್ಮಗುವನ್ನು ಎತ್ತಿಕೊಳ್ಳಬಹುದು. ಆದರೆ ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣ ಅಯೋಡಿನ್ ಕುಡಿಸಿದಾಗ ಕೆಲವು ದಿನ ದೂರ ಇರಬೇಕು. ಅದನ್ನು ಆಸ್ಪತ್ರೆಯವರೇ ಹೇಳಿ ಕಳಿಸುತ್ತಾರೆ.

ಹಾಗಾದರೆ ಭಯವೇ ಬೇಡವಾ? ನಾನು ಓದಿದ್ದು ಎಂಜಿನಿಯರಿಂಗ್. ಸಾಫ್ಟ್‌ವೇರ್ ಪಾಠದಲ್ಲಿ ಬರುವ ಒಂದು ಹೆಸರನ್ನು ಈ ಕ್ಷೇತ್ರದ ಯಾರೂ ಮರೆಯುವುದಿಲ್ಲ: ಥೆರಾಕ್-25. ಕೆನಡಾದ ಕಂಪನಿಯೊಂದು ಮಾಡಿದ ಲೀನಾಕ್. 1985ರಿಂದ 1987ರ ನಡುವೆ ಅಮೆರಿಕ, ಕೆನಡಾಗಳಲ್ಲಿ ಆರು ರೋಗಿಗಳಿಗೆ ಇದು ವಿಪರೀತ ಡೋಸ್ ಕೊಟ್ಟಿತು. 1986ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಟೈಲರ್ ಎಂಬ ಊರಿನಲ್ಲಿ ಆದದ್ದು ಕೇಳಿ. ಆಪರೇಟರ್ ‘ಇ’ ಒತ್ತುವ ಬದಲು ‘ಎಕ್ಸ್’ ಒತ್ತಿದರು. ಎಲೆಕ್ಟ್ರಾನ್ ಬೇಕಿತ್ತು, ಎಕ್ಸ್‌ರೇ ಅಂತ ಬಿತ್ತು. ತಕ್ಷಣ ತಪ್ಪು ಕಂಡು ಬೇಗ ಬೇಗ ತಿದ್ದಿದರು. ತಿದ್ದಿದ್ದು ಪರದೆಯ ಮೇಲೆ ಕಾಣಿಸಿತು. ಆದರೆ ಎಂಟು ಸೆಕೆಂಡಿನೊಳಗೆ ತಿದ್ದಿದರೆ ಯಂತ್ರದ ಒಳಗಿನ ಜೋಡಣೆ ತಪ್ಪುತ್ತಿತ್ತು. ‘ಮಾಲ್‌ಫಂಕ್ಷನ್ 54’ ಅಂತ ಒಂದು ಸಾಲು ಬಂತು. ಹಾಗಂದ್ರೆ ಏನು ಅಂತ ಅವರ ಕೈಲಿದ್ದ ಪುಸ್ತಕದಲ್ಲಿ ವಿವರ ಇರಲಿಲ್ಲ. ಮುಂದುವರಿಸುವ ಗುಂಡಿ ಒತ್ತಿದರು. ಒಳಗಿದ್ದ ರೋಗಿಗೆ ಸಿಗಬೇಕಾದ ಡೋಸಿನ ನೂರು ಪಟ್ಟು ಹತ್ತಿರ ಬಿದ್ದಿತ್ತು. ಕೆಲವು ತಿಂಗಳಲ್ಲಿ ಅವರು ತೀರಿಕೊಂಡರು. ಮುಂದಿನ ತಿಂಗಳು ಅದೇ ಆಸ್ಪತ್ರೆಯಲ್ಲಿ ಇನ್ನೊಬ್ಬರಿಗೂ ಹೀಗೇ ಆಯಿತು.

ಇದರಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಹಿಂದಿನ ಮಾಡೆಲ್ ಥೆರಾಕ್-20ರಲ್ಲೂ ಇದೇ ಸಾಫ್ಟ್‌ವೇರ್ ದೋಷ ಇತ್ತು. ಅಲ್ಲಿ ಯಾರಿಗೂ ಏನೂ ಆಗಲಿಲ್ಲ, ಯಾಕಂದ್ರೆ ಅದರಲ್ಲಿ ಕಬ್ಬಿಣದಂಥ ಹಾರ್ಡ್‌ವೇರ್ ಲಾಕ್‌ಗಳಿದ್ದವು. ಹೊಸ ಮಾಡೆಲ್‌ನಲ್ಲಿ ‘ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ’ ಅಂತ ಅವನ್ನು ತೆಗೆದಿದ್ದರು. ಟೈಲರ್‌ನ ಆಸ್ಪತ್ರೆಯ ಭೌತವಿಜ್ಞಾನಿಯೇ ಆಪರೇಟರ್ ಜೊತೆ ಕೂತು, ಮತ್ತೆ ಮತ್ತೆ ಟೈಪ್ ಮಾಡಿ ನೋಡಿ, ದೋಷವನ್ನು ಹಿಡಿದದ್ದು.

ಇದನ್ನು ಹೇಳಿದ್ದು ಹೆದರಿಸಲು ಅಲ್ಲ. ಪ್ರತಿ ರೇಡಿಯೇಷನ್ ವಿಭಾಗದಲ್ಲಿ ಡಾಕ್ಟರ್ ಅಲ್ಲದ ಒಬ್ಬರು ಇರುತ್ತಾರೆ, ಮೆಡಿಕಲ್ ಫಿಸಿಸಿಸ್ಟ್. ಯಂತ್ರ ಹೇಳಿದಷ್ಟೇ ಡೋಸ್ ಕೊಡುತ್ತಿದೆಯಾ ಅಂತ ಅಳೆದು ನೋಡುವವರು. ಭಾರತದಲ್ಲಿ 1983ರಲ್ಲಿ ಶುರುವಾದ ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಇಲ್ಲದೆ ಒಂದು ಯಂತ್ರವೂ ಓಡುವಂತಿಲ್ಲ. ಡಾಕ್ಟರ ಹೆಸರು ಕೇಳುವ ನಾವು ಈ ಫಿಸಿಸಿಸ್ಟ್ ಬಗ್ಗೆಯೂ ಕೇಳಬೇಕು.

ನಮ್ಮ ಕರಾವಳಿಯ ಕೊಡುಗೆಯನ್ನೂ ಹೇಳಿಬಿಡುತ್ತೇನೆ, ಯಾಕಂದ್ರೆ ಇಲ್ಲೇ ಅಡ್ಡದಾರಿಯೂ ಶುರುವಾಗುವುದು. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಡಾ. ಪಿ. ಉಮಾದೇವಿ ಮತ್ತು ಅವರ ತಂಡ 1990ರ ದಶಕದಲ್ಲಿ ತುಳಸಿಯ ಮೇಲೆ ಸಂಶೋಧನೆ ಮಾಡಿತು. ತುಳಸಿ ಎಲೆಯ ಸಾರ ಇಲಿಗಳನ್ನು ವಿಕಿರಣದ ಹಾನಿಯಿಂದ ಒಂದಷ್ಟು ಕಾಪಾಡುತ್ತದೆ ಅಂತ ತೋರಿಸಿತು. ಮಂಗಳೂರಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ತಲೆ-ಕುತ್ತಿಗೆ ಕ್ಯಾನ್ಸರಿಗೆ ರೇಡಿಯೇಷನ್ ಪಡೆಯುತ್ತಿದ್ದ 80 ರೋಗಿಗಳಲ್ಲಿ ಅರ್ಧ ಜನ ಅರಿಶಿನದ ನೀರಲ್ಲಿ, ಉಳಿದವರು ಮಾಮೂಲಿ ಅಯೋಡಿನ್ ದ್ರಾವಣದಲ್ಲಿ ಬಾಯಿ ಮುಕ್ಕಳಿಸಿದರು. ಅರಿಶಿನದವರಿಗೆ ಬಾಯಿ ಹುಣ್ಣು ತಡವಾಗಿ ಬಂತು, ತೀವ್ರತೆಯೂ ಕಡಿಮೆಯಾಯಿತು. ಈಗ ಸರಿಯಾಗಿ ಕೇಳಿಸಿಕೊಳ್ಳಿ. ತುಳಸಿ, ಅರಿಶಿನ ಎರಡೂ ಇಲ್ಲಿ ರೇಡಿಯೇಷನ್ನಿನ ಜೊತೆಗೆ ಬಂದವು, ರೇಡಿಯೇಷನ್ನಿನ ಬದಲಿಗೆ ಅಲ್ಲ. ‘ಕರೆಂಟ್ ಬಿಡಿ, ಕಷಾಯ ಕುಡಿಯಿರಿ’ ಅನ್ನುವ ವಾಟ್ಸ್ಆ್ಯಪ್ ಪಂಡಿತರಿಗೆ ಇದರಲ್ಲಿ ಆಧಾರ ಇಲ್ಲ. ಡಾಕ್ಟರನ್ನು ಕೇಳದೆ ಇವನ್ನೂ ಶುರು ಮಾಡಬೇಡಿ.

ನಿಜವಾದ ಅಪಾಯ ಎಲ್ಲಿದೆ ಗೊತ್ತಾ? ಅರ್ಧಕ್ಕೆ ಬಿಡುವುದರಲ್ಲಿ. ನಾಲ್ಕನೇ ವಾರದ ಹೊತ್ತಿಗೆ ಬಾಯಿ ಹುಣ್ಣಾಗಿ ಗಂಜಿ ಕೂಡ ಇಳಿಯುವುದಿಲ್ಲ. ‘ಒಂದು ವಾರ ಊರಿಗೆ ಹೋಗಿ ಬರ್ತೇನೆ’ ಅನಿಸುತ್ತದೆ. ಅದೇ ಹೊತ್ತಿಗೆ ಗಡ್ಡೆಯಲ್ಲಿ ಉಳಿದ ಕೋಶಗಳು ವೇಗವಾಗಿ ಬೆಳೆಯಲು ಶುರು ಮಾಡುತ್ತವೆ. ತಲೆ-ಕುತ್ತಿಗೆಯ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದೊಂದು ದಿನ ತಡವಾದ ಹಾಗೂ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ. 1ರಷ್ಟು ಇಳಿಯುತ್ತದೆ ಅನ್ನುವುದು ವೈದ್ಯರ ಲೆಕ್ಕ. ಹತ್ತು ದಿನ ತಪ್ಪಿದರೆ ನೀವೇ ಲೆಕ್ಕ ಹಾಕಿ.

ಈ ಲೆಕ್ಕ ಗೊತ್ತಿದ್ದರೆ 2020ರ ಮಾರ್ಚ್ ಕೊನೆಯ ದಿನಗಳು ಬೇರೆಯೇ ಆಗಿ ಕಾಣುತ್ತವೆ. ಕೊರೊನಾ ಕಾರಣಕ್ಕೆ ತಲಪಾಡಿಯಲ್ಲಿ ಗಡಿ ಮುಚ್ಚಿತು. ಕೆಲವು ಕಡೆ ರಸ್ತೆಗೆ ಮಣ್ಣು ಸುರಿದರು. ಕಾಸರಗೋಡಿನವರಿಗೆ ದೊಡ್ಡಾಸ್ಪತ್ರೆ ಅಂದ್ರೆ ಮಂಗಳೂರೇ. ಚಿಕಿತ್ಸೆಗೆ ದಾಟಲಾಗದೆ ಸತ್ತವರ ಸುದ್ದಿ ಬಂತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಆದೇಶ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟ್‌ಗೂ ಹೋಯಿತು, ಏಪ್ರಿಲ್ 7ರ ಹೊತ್ತಿಗೆ ತುರ್ತು ರೋಗಿಗಳಿಗೆ ದಾರಿ ಬಿಡುವ ಒಪ್ಪಂದವಾಯಿತು. ಟಿವಿಯಲ್ಲಿ ಅದು ಎರಡು ರಾಜ್ಯಗಳ ಜಗಳವಾಗಿ ಕಾಣಿಸಿತು. ಆದರೆ ಮೂವತ್ತೈದರಲ್ಲಿ ಹದಿನೆಂಟು ಮುಗಿಸಿ ಗಡಿಯ ಆಚೆ ಉಳಿದ ರೋಗಿಗೆ ಒಂದೊಂದು ದಿನವೂ ಆಯುಷ್ಯದ ಲೆಕ್ಕ. ಮಣ್ಣು ಸುರಿದವರ ಮುಂದೆ ಆ ಲೆಕ್ಕ ಇಟ್ಟವರು ಯಾರು?

ಕಲ್ಲುಗುಡ್ಡೆ ಮಾತ್ರ ಗಡಿ ಅಲ್ಲ. ಬಸ್ ಚಾರ್ಜ್ ಗಡಿ. ಏಳು ವಾರದ ರೂಮ್ ಬಾಡಿಗೆ ಗಡಿ. ಜೊತೆಗೆ ಬರುವ ಮಗನ ದಿನಗೂಲಿ ಗಡಿ. 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಶುರುವಾದ ವಾಜಪೇಯಿ ಆರೋಗ್ಯಶ್ರೀ, 2018ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ, ಇವುಗಳಿಂದ ಬಿಪಿಎಲ್ ಕುಟುಂಬಗಳಿಗೆ ಚಿಕಿತ್ಸೆಯ ಖರ್ಚು ತಗ್ಗಿದೆ. ಒಳ್ಳೆಯ ಕೆಲಸ, ಒಪ್ಪೋಣ. ಆದರೆ ಯೋಜನೆ ಚಿಕಿತ್ಸೆಯ ಹಣ ಕಟ್ಟಿದರೂ ಕಳೆದುಹೋದ ಕೂಲಿಯನ್ನು ಕಟ್ಟುವವರಾರು? ರೋಗಿ ಅರ್ಧಕ್ಕೆ ಬಿಟ್ಟು ಹೋದರೆ ಸರ್ಕಾರ ಕೊಟ್ಟ ಹಣವೂ ನೀರುಪಾಲು, ಜೀವವೂ ನೀರುಪಾಲು.

ದಾರಿಗಳಿವೆ. ಸ್ತನ ಕ್ಯಾನ್ಸರಿನ ಹಲವು ರೋಗಿಗಳಿಗೆ ಮೂರು ವಾರದ ಬದಲು ಒಂದೇ ವಾರದಲ್ಲಿ, 5 ಸಲದಲ್ಲಿ ರೇಡಿಯೇಷನ್ ಮುಗಿಸಬಹುದು ಅಂತ 2020ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನ ತೋರಿಸಿಕೊಟ್ಟಿದೆ. ಎಲ್ಲ ಕ್ಯಾನ್ಸರಿಗೂ, ಎಲ್ಲ ರೋಗಿಗೂ ಅದು ಹೊಂದುವುದಿಲ್ಲ, ಹೊಂದುವವರಿಗೆ ಎಷ್ಟು ದೊಡ್ಡ ಉಳಿತಾಯ! ಯಂತ್ರದ ಬೆಲೆ ಇಳಿಸುವ ದಾರಿಯೂ ಇದೆ. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರ ‘ಭಾಭಾಟ್ರಾನ್’ ಎಂಬ ಸ್ವದೇಶಿ ಕೋಬಾಲ್ಟ್ ಯಂತ್ರವನ್ನು ರೂಪಿಸಿತು. ಅದನ್ನು ತಯಾರಿಸುವುದು ಎಲ್ಲಿ? ನಮ್ಮ ಕರ್ನಾಟಕದ ಕಂಪನಿಯಲ್ಲಿ. ಭಾರತ ಅದನ್ನು ವಿಯೆಟ್ನಾಂಗೆ, ಮಂಗೋಲಿಯಾಕ್ಕೆ ಉಡುಗೊರೆಯಾಗಿ ಕೊಟ್ಟಿದೆ. ಹೊರದೇಶಕ್ಕೆ ಕೊಡುವಷ್ಟು ಶಕ್ತಿ ಇರುವ ನಾವು, ರೋಗಿಯ ಊರಿನ ಹತ್ತಿರದ ಜಿಲ್ಲಾಸ್ಪತ್ರೆಗೆ ಯಾಕೆ ಕೊಡಬಾರದು? ಮುಂದಿನ ಸಲ ಓಟು ಕೇಳಲು ಬಂದವರನ್ನು ರಸ್ತೆ, ಚರಂಡಿ ಜೊತೆಗೆ ಇದನ್ನೂ ಕೇಳಿ.

ಮನೆಯಲ್ಲಿ ಯಾರಿಗಾದರೂ ರೇಡಿಯೇಷನ್ ಬರೆದುಕೊಟ್ಟಿದ್ದರೆ, ನಾಲ್ಕು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಒಟ್ಟು ಎಷ್ಟು ದಿನ? ಕಡಿಮೆ ದಿನದ ಕ್ರಮ ನಮಗೆ ಆಗುತ್ತದಾ? ಒಂದು ದಿನ ತಪ್ಪಿದರೆ ಏನು ಮಾಡಬೇಕು? ಮೂರು-ನಾಲ್ಕನೇ ವಾರದಲ್ಲಿ ಊಟ ಇಳಿಯದಿದ್ದರೆ ಯಾರನ್ನು ನೋಡಬೇಕು? ಇಷ್ಟು ಕೇಳುವುದಕ್ಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ. ಕೇಳಿದರೆ ಡಾಕ್ಟರಿಗೆ ಸಿಟ್ಟೂ ಬರುವುದಿಲ್ಲ.

ಮತ್ತೆ ಯಾರಾದರೂ ‘ಕರೆಂಟ್ ಕೊಡ್ತಾರಂತೆ’ ಅಂದ್ರೆ, ನಗಬೇಡಿ. ಪಕ್ಕದಲ್ಲಿ ಕೂತು ಹೇಳಿ: ಅಮ್ಮಾ, ಅದು ಕರೆಂಟ್ ಅಲ್ಲ. ನೋವಾಗುವುದಿಲ್ಲ. ಆದರೆ ಮೂವತ್ತೈದು ಅಂದ್ರೆ ಮೂವತ್ತೈದು, ಒಂದೂ ಬಿಡಬಾರದು.